ಒಳಗೆಳೆದುಕೊಂಡ ಹೌದು

ಸೀವರ್ಟ್ ನೆಸ್ಲುಂಡನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಕಿವಿ. ಆಮೇಲೆ ಕತ್ತು. ಕತ್ತು ಕೆಂಪಾದ ಮೇಲೆ ನಲವತ್ತೊಂದನೇ ನಂಬರಿನ ಬಸ್ಸಿನಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಇಳಿಯಬೇಕಾದವರು ಕೂಡ ಗುಂಡಿ ಒತ್ತುವ ಮೊದಲು ಒಮ್ಮೆ ಯೋಚಿಸುತ್ತಾರೆ. ದೇಶದ ಉತ್ತರದ ಹಿಮದ ತುದಿಯಲ್ಲಿರುವ ನಮ್ಮ ಊರು ಗ್ರಾನ್‌ಮೀರಾದಿಂದ ಪಟ್ಟಣಕ್ಕೆ ಐವತ್ತೆರಡು ಕಿಲೋಮೀಟರು. ಹೋಗಿ ಬಂದು ದಿನಕ್ಕೆ ಮೂರು ಸಲ, ಇಪ್ಪತ್ತಮೂರು ವರ್ಷ. ಈ ಕತೆಯ ಗಲಾಟೆ ಶುರುವಾಗುವವರೆಗೆ ಅವನು ಬಸ್ಸು ತಪ್ಪಿಸಿದ್ದು ಎರಡೇ ದಿನ. ಒಂದು, ಅವನ ಅಪ್ಪ ಸತ್ತ ದಿನ. ಇನ್ನೊಂದು, ಅವನ ಹೆಂಡತಿ ಸಾಮಾನು ಕಟ್ಟಿಕೊಂಡು ಹೋದ ದಿನ. ಎರಡನೇ ದಿನ ರಜೆ ಹಾಕಿದ್ದು ಸುಮ್ಮನೆ ದಂಡ ಅಂತ ಈಗಲೂ ಹೇಳುತ್ತಾನೆ.

ಅವನು ಓದಿದ್ದು ಒಂಬತ್ತನೇ ತರಗತಿ. ಆಮೇಲೆ ಸೈನ್ಯದಲ್ಲಿ ಹತ್ತು ತಿಂಗಳು ಹಿಮದ ಗಾಡಿ, ಆಮೇಲೆ ಹನ್ನೊಂದು ವರ್ಷ ಮರದ ದಿಮ್ಮಿ ಸಾಗಿಸುವ ಲಾರಿ, ಆಮೇಲೆ ಈ ಬಸ್ಸು. ಬಸ್ಸು ಅಂದರೆ ಬರೀ ಬಸ್ಸಲ್ಲ. ಶಾಲೆಯ ಮಕ್ಕಳು ಹೋಗುವುದು ಅದರಲ್ಲಿ. ಮುದುಕರ ಔಷಧಿ ಬರುವುದು ಅದರಲ್ಲಿ. ಯಾರದೋ ಗರಗಸದ ಯಂತ್ರ ರಿಪೇರಿಗೆ ಹೋಗುವುದೂ ಅದರಲ್ಲೇ, ನಿಯಮ ಬೇಡ ಅಂದರೂ. ಅಂಗಡಿ ಮುಚ್ಚಿತು, ಅಂಚೆ ಮುಚ್ಚಿತು, ಬ್ಯಾಂಕು ಮುಚ್ಚಿತು, ಹೆರಿಗೆ ಆಸ್ಪತ್ರೆ ಮುಚ್ಚಿತು. ಒಂದೊಂದು ಮುಚ್ಚಿದಾಗಲೂ ಪಟ್ಟಣದಿಂದ ಒಬ್ಬರು ಬಂದು, ಚಿಂತೆ ಬೇಡ, ಇದೆಲ್ಲ ಇನ್ನು ಫೋನಿನಲ್ಲೇ ಆಗುತ್ತದೆ ಅಂದರು. ಹೆರಿಗೆಯೂ ಫೋನಿನಲ್ಲೇ ಆಗುತ್ತದಾ ಅಂತ ಸೀವರ್ಟ್ ಕೇಳಿದ್ದ. ಬಂದವರು ಕಾಫಿ ಕುಡಿದು ಹೋದರು.

ಇಷ್ಟು ಕೇಳಿ ಇವನು ಯಂತ್ರ ಕಂಡರಾಗದ ಹಳೇ ಕಾಲದ ಮನುಷ್ಯ ಅಂದುಕೊಂಡರೆ ತಪ್ಪು. ಹದಿನೈದನೇ ವಯಸ್ಸಿನಲ್ಲಿ ಎರಡು ಬೇಸಿಗೆ ಜೌಗಿನಲ್ಲಿ ಸೊಳ್ಳೆ ಕಡಿಸಿಕೊಂಡು ಹಣ್ಣು ಆಯ್ದು ಮಾರಿ, ಊರಿಗೆ ಮೊದಲ ಕಂಪ್ಯೂಟರು ತಂದವನು ಅವನೇ. ಟಿವಿಗೆ ತಂತಿ ಸಿಕ್ಕಿಸಿ ಆಟ ಆಡುತ್ತಿದ್ದ. ಆಡಿದ ಚಟ ಬಿಟ್ಟಿಲ್ಲ. ಐವತ್ತೇಳರಲ್ಲೂ ಭಾನುವಾರ ಮಧ್ಯಾಹ್ನ ಊಟ ಮುಗಿಯಿತೆಂದರೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಟ್ಯಾಂಕ್ ಯುದ್ಧಕ್ಕೆ ಕೂರುತ್ತಾನೆ. ಅವನ ಜೊತೆ ದೇಶದ ಬೇರೆ ಬೇರೆ ಮೂಲೆಯಿಂದ ನಾಲ್ಕು ಜನ. ಅವರಲ್ಲಿ ಮುಖ್ಯಳು ಸೋಲ್ವೇಗ್, ದಕ್ಷಿಣದ ತುದಿಯವಳು, ನಿವೃತ್ತ ನರ್ಸು, ಅರವತ್ತಾರು ವರ್ಷ. ಟ್ಯಾಂಕ್ ಪಡೆಗೆ ಅವಳೇ ಸೇನಾಪತಿ.

ಸೀವರ್ಟ್ ಹೇಳುವುದೇನೆಂದರೆ, ಲೋಕದಲ್ಲಿ ಪ್ರಾಮಾಣಿಕವಾದ ಸಾಫ್ಟ್‌ವೇರ್ ಅಂದರೆ ಆಟ ಒಂದೇ. ಸೋತರೆ ಯಾಕೆ ಸೋತೆ ಅಂತ ಗೊತ್ತಾಗುತ್ತದೆ. ತಪ್ಪಿದ್ದರೆ ಲಕ್ಷ ಜನ ಬೈಯುತ್ತಾರೆ, ಮೂರು ದಿನದಲ್ಲಿ ಸರಿ ಮಾಡುತ್ತಾರೆ. ಪುರಸಭೆಯ ಸಾಫ್ಟ್‌ವೇರಿನಲ್ಲಿ ತಪ್ಪು ಕಂಡರೆ ಒಂದು ಅರ್ಜಿ ತುಂಬಬೇಕು. ಆ ಅರ್ಜಿ ತೆರೆಯುವುದಿಲ್ಲ. ತೆರೆಯದ ಅರ್ಜಿಯ ಬಗ್ಗೆ ದೂರು ಕೊಡಲು ಇನ್ನೊಂದು ಅರ್ಜಿ. "ನಿನ್ನ ವಿಷಯ ನಮಗೆ ತಲುಪಿದೆ" ಅಂತ ಉತ್ತರ ಬರುತ್ತದೆ. ತಲುಪಿ ಎಲ್ಲಿ ಸತ್ತಿತು ಅಂತ ಯಾರೂ ಹೇಳುವುದಿಲ್ಲ. ಆಟ ಮಾಡುವವರಿಗೆ ಆಡುವವರ ಭಯ ಇದೆ, ರಾಜಕೀಯದವರಿಗೆ ಯಾರ ಭಯ ಇದೆ? ಅವನು ಹೀಗೆ ಕೇಳುತ್ತಾನೆ. ಉತ್ತರ ಗೊತ್ತಿದ್ದವರು ಮುಂದೆ ಬನ್ನಿ.

ಅಕ್ಟೋಬರಿನಲ್ಲಿ ಆ ಕರೆ ಬಂತು. ಸೀವರ್ಟ್ ಒಲೆಯ ಮುಂದೆ ಆಲೂಗಡ್ಡೆ ಕಡುಬು ಬೇಯಿಸುತ್ತಾ ನಿಂತಿದ್ದ. ಫೋನಿನಲ್ಲಿ ಜೇನು ಸುರಿದಂಥ ಹೆಣ್ಣು ದನಿ.

"ನಮಸ್ಕಾರ! ನಾನು ಸ್ವಾಲಾ, ಪುರಸಭೆಯ ಹೊಸ ಡಿಜಿಟಲ್ ಸಹಾಯಕಿ. ನಿಮ್ಮ ಊರಿನ ಪ್ರತಿ ಮನೆಗೂ ಒಂದೇ ಒಂದು ಪ್ರಶ್ನೆ. ನಲವತ್ತೊಂದನೇ ನಂಬರಿನ ಬಸ್ಸು ಮುಂದುವರಿಯಬೇಕೇ? ಹೌದು ಅಥವಾ ಇಲ್ಲ ಅಂತ ಹೇಳು."

ಬಸ್ಸು ಓಡಿಸುವವನನ್ನೇ ಬಸ್ಸು ಬೇಕಾ ಅಂತ ಕೇಳುತ್ತಿದ್ದಾಳಲ್ಲ ಅಂತ ಸೀವರ್ಟನಿಗೆ ನಗು ಬಂತು. ನಮ್ಮ ಉತ್ತರದವರು ಹೇಳುವ ಹಾಗೆ ಹೌದು ಅಂದ. ತುಟಿ ಮುಂದೆ ಚಾಚಿ, ತಟ್ಟೆಯಿಂದ ಬಿಸಿ ಕಾಫಿ ಸೊರ್ರೆಂದು ಹೀರುವ ಹಾಗೆ ಗಾಳಿಯನ್ನು ಒಳಗೆ ಎಳೆದ. ಶೂಪ್. ಅಷ್ಟೇ ನಮ್ಮ ಹೌದು. ಮದುವೆಯಲ್ಲಿ ಪಾದ್ರಿ ಕೇಳಿದರೂ ಅದೇ, ಡಾಕ್ಟರು ನೋವಿದೆಯಾ ಅಂದರೂ ಅದೇ. ಹೊರಗೆ ಮೈನಸ್ ಮೂವತ್ತು ಇರುವಾಗ ಬಾಯಿ ತೆರೆದು ಬಿಸಿ ಉಸಿರು ದಂಡ ಮಾಡುವ ದುಂದುಗಾರಿಕೆ ದಕ್ಷಿಣದವರಿಗೆ ಇರಲಿ.

"ದಯವಿಟ್ಟು ಉತ್ತರಿಸು," ಅಂದಳು ಸ್ವಾಲಾ.

"ಶೂಪ್, ಶೂಪ್," ಅಂದ ಸೀವರ್ಟ್, ಕಡುಬು ತಿರುವುತ್ತಾ.

"ಧನ್ಯವಾದ. ನಿನ್ನ ಅಭಿಪ್ರಾಯ ದಾಖಲಾಗಿದೆ. ಶುಭದಿನ!"

ಮೂರು ವಾರ ಕಳೆದ ಮೇಲೆ ಫಲಿತಾಂಶ ಬಂತು. ಗ್ರಾನ್‌ಮೀರಾದ ಅರವತ್ತಮೂರು ಮನೆಗಳಲ್ಲಿ ಬಸ್ಸು ಬೇಕು ಅಂದವು ಐದು. ಉಳಿದ ಐವತ್ತೆಂಟು ಬೇಡ. ಜನರ ಇಚ್ಛೆಗೆ ತಲೆಬಾಗಿ ಹೊಸ ವರ್ಷದಿಂದ ನಲವತ್ತೊಂದನೇ ನಂಬರು ನಿಲ್ಲುತ್ತದೆ. ಪುರಸಭೆಯ ಪುಟದಲ್ಲಿ ಬಣ್ಣದ ಚಿತ್ರ ಬೇರೆ, ದೊಡ್ಡ ಕೆಂಪು ರೊಟ್ಟಿ, ಅದರಲ್ಲಿ ಚೂರೇ ಚೂರು ಹಸಿರು. ಕೆಳಗೆ ಬರೆದಿತ್ತು: "ನಾವು ಕೇಳಿಸಿಕೊಳ್ಳುತ್ತೇವೆ."

ಸೀವರ್ಟ್ ಅದನ್ನು ಓದಿದ್ದು ಪಟ್ಟಣದ ನಿಲ್ದಾಣದಲ್ಲಿ, ಎರಡು ಓಟದ ನಡುವಿನ ಬಿಡುವಿನಲ್ಲಿ. ಕಿವಿ ಕೆಂಪಾಗಲಿಲ್ಲ, ಕತ್ತು ಕೆಂಪಾಗಲಿಲ್ಲ. ಮುಖ ಸುಣ್ಣದಂತೆ ಬೆಳ್ಳಗಾಯಿತು. ಐವತ್ತೆಂಟು ಮನೆ! ಇವರ ಮಕ್ಕಳು ವಾಂತಿ ಮಾಡಿದ್ದನ್ನು ಒರೆಸಿದ್ದೇನೆ. ಇವರ ಮುದುಕಿಯರನ್ನು ತೋಳು ಹಿಡಿದು ಮನೆ ಮೆಟ್ಟಿಲವರೆಗೆ ಬಿಟ್ಟಿದ್ದೇನೆ. ಹಿಮಗಾಳಿಯಲ್ಲಿ ನಾಲ್ಕು ಗಂಟೆ ಸಿಕ್ಕಿಬಿದ್ದಾಗ ನನ್ನ ಬುತ್ತಿ ಹಂಚಿದ್ದೇನೆ. ಎದುರಿಗೆ ನಗುನಗುತ್ತಾ ಬೆಳಗಿನ ನಮಸ್ಕಾರ ಹೇಳಿ, ಫೋನಿನಲ್ಲಿ ಕತ್ತು ಕೊಯ್ದರಲ್ಲ!

ಅಲ್ಲೇ ಒಂದು ಹಾಳೆ ಹರಿದು ದಪ್ಪ ಪೆನ್ನಿನಲ್ಲಿ ಬರೆದು ತನ್ನ ಸೀಟಿನ ಹಿಂದಿನ ಗಾಜಿಗೆ ಅಂಟಿಸಿದ. ಸಿಟ್ಟಿನ ಚೀಟಿ ಅಂಟಿಸುವುದು ನಮ್ಮ ದೇಶದ ಹಳೇ ಚಾಳಿ. ಬಾಯಲ್ಲಿ ಬೈಯಲಾರದ ಜನ ನಾವು, ಗೋಡೆಯ ಮೇಲೆ ಬೈಯುತ್ತೇವೆ. ಆದರೆ ಸಾಮಾನ್ಯವಾಗಿ ಚೀಟಿಗೆ ಹೆಸರಿರುವುದಿಲ್ಲ. ಸೀವರ್ಟ್ ಹೆಸರು ಹಾಕಿದ.

"ಬೇಡ ಅಂದ ಐವತ್ತೆಂಟು ಮನೆಯವರಿಗೆ. ಈ ಬಸ್ಸಿಗೆ ಎರಡು ಬಾಗಿಲಿವೆ. ಯಾವುದರಿಂದ ಇಳಿಯುತ್ತೀರೋ ಆರಿಸಿಕೊಳ್ಳಿ. ಓಡುತ್ತಿರುವಾಗಲೇ ಇಳಿದರೆ ಇನ್ನೂ ಸಂತೋಷ. ಸೀವರ್ಟ್."

ಮರುದಿನ, ಮಂಗಳವಾರ, ಮುಂದಿನ ಸೀಟಿನಲ್ಲಿ ಎಂದಿನಂತೆ ಹೆಲ್ಮರ್ ಕೂತಿದ್ದ. ಹೆಲ್ಮರ್‌ಗೆ ಎಪ್ಪತ್ತೊಂದು ವರ್ಷ, ಕಾಡಿನಲ್ಲಿ ಮರ ಕಡಿದು ಸೊಂಟ ಕಳೆದುಕೊಂಡವನು. ಮೂವತ್ತು ವರ್ಷದಿಂದ ಸೀವರ್ಟನ ಬೇಟೆ ತಂಡದವನು. ಕಡವೆ ಬೇಟೆಯಲ್ಲಿ ಇಬ್ಬರೂ ಒಂದೇ ದಿಬ್ಬದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವವರು. ವಾರಕ್ಕೆರಡು ಸಲ ಸೊಂಟದ ವ್ಯಾಯಾಮಕ್ಕೆ ಪಟ್ಟಣಕ್ಕೆ ಹೋಗಬೇಕು. ಅವನು ಚೀಟಿ ಓದಿದ, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ.

"ಇದೇನೋ ಇದು?"

"ಓದೋಕೆ ಬರಲ್ವಾ?"

"ಬರುತ್ತೆ. ನಾನು ಬೇಕು ಅಂದಿದ್ದೆ."

"ಹೂಂ, ಎಲ್ಲರೂ ಬೇಕು ಅಂದೋರೇ! ಬೆಳಗಿಂದ ಹನ್ನೆರಡು ಜನ ಹಂಗೇ ಹೇಳಿದ್ದಾರೆ. ಬೇಕು ಅಂದಿದ್ದು ಐದೇ ಮನೆ. ಹನ್ನೆರಡು ಜನ ಐದು ಮನೇಲಿ ಹೆಂಗೆ ಹಿಡಿಸ್ತೀರಿ, ಹೆಲ್ಮರ್? ಒಬ್ಬರ ಮೇಲೊಬ್ಬರು ಮಲಗ್ತೀರಾ?"

"ಸೀವರ್ಟ್. ನಾನು ಹೌದು ಅಂತಲೇ ಹೇಳಿದ್ದು."

"ಸುಳ್ಳು."

 ಬಸ್ಸಿನ ತುಂಬ ಜನ, ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಾ ಕಿವಿ ಮಾತ್ರ ಇತ್ತ ಬಿಟ್ಟಿದ್ದರು.

"ಇನ್ನೊಂದು ಸಲ ಹೇಳು," ಅಂದ ಹೆಲ್ಮರ್.

"ಸುಳ್ಳು ಅಂದೆ. ಲೆಕ್ಕ ಕಣ್ಣ ಮುಂದಿದೆ. ಕಂಪ್ಯೂಟರ್‌ಗೆ ನಿನ್ನ ಮೇಲೇನು ಹಗೆ?"

"ಬಸ್ಸು ನಿಲ್ಲಿಸು."

"ನಿನ್ನ ಸ್ಟಾಪ್ ಇನ್ನೂ—"

"ನಿಲ್ಲಿಸು ಅಂದೆ."

ಕಾಡಿನ ನಡುವೆ, ನಡುದಾರಿಯಲ್ಲಿ ಹೆಲ್ಮರ್ ಇಳಿದ. ಕೆಟ್ಟ ಸೊಂಟ, ಕೈಯಲ್ಲಿ ಕೋಲು, ಕಾಲ ಕೆಳಗೆ ಮಂಜುಗಡ್ಡೆ. ಸೀವರ್ಟ್ ಬಾಗಿಲು ಮುಚ್ಚಿ ಗಾಡಿ ಬಿಟ್ಟ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಅನ್ನುತ್ತಾರೆ. ಮನೆ ಕೆಟ್ಟದ್ದು ಆವತ್ತು, ಆ ಒಂದು ಮಾತಿನಿಂದ.

ಹೆಲ್ಮರ್ ಇಳಿದ ಮೇಲೆ ಆ ವಾರವಿಡೀ ಬಸ್ಸು ಸ್ಮಶಾನದಂತಿತ್ತು. ಚೀಟಿ ಓದಿದವರು ಓದಿ ಕೂತರು. ಇನ್ನು ಯಾರೂ ವಾದ ಮಾಡಲಿಲ್ಲ. ನಮ್ಮ ಜನ ವಾದ ಮಾಡುವುದಿಲ್ಲ, ನೆನಪಿಟ್ಟುಕೊಳ್ಳುತ್ತಾರೆ. ಆದರೆ ಕೆಲವರು ಮಾತ್ರ ಬಂದು ಮುಖಕ್ಕೆ ಮುಖ ಕೊಟ್ಟು ಹೇಳಿದರು. ನಾಯಿ ಸಾಕುವ ಜರ್ಮನಿಯ ಗಂಡ ಹೆಂಡತಿ ಬಂದು, ನಾವು ಬೇಕು ಅಂದಿದ್ದೇವೆ, ನಮ್ಮನ್ನು ಆ ಐವತ್ತೆಂಟರಲ್ಲಿ ಸೇರಿಸಬೇಡ ಅಂದರು. ಎರಿಟ್ರಿಯಾದಿಂದ ಬಂದ ಅಣ್ಣ ತಮ್ಮ, ಎರಡು ಮನೆ, ಇಬ್ಬರೂ ಅದೇ ಹೇಳಿದರು. ದಕ್ಷಿಣದಿಂದ ಬಂದ ಹೊಸ ಪಾದ್ರಿ ಹೇಳಿದಳು. ಹಳೇ ಶಾಲೆಯ ಕಟ್ಟಡ ಕೊಂಡ ಹಾಲೆಂಡಿನ ಮನುಷ್ಯ ಎದೆ ಮುಟ್ಟಿಕೊಂಡು ಹೇಳಿದ.

ಶುಕ್ರವಾರ ಕೊನೆಯ ಓಟ ಮುಗಿಸಿ ಬಸ್ಸು ಗುಡಿಸುವಾಗ ಸೀವರ್ಟ್ ಬೆರಳು ಮಡಚಿದ. ಜರ್ಮನಿ ಒಂದು. ಎರಿಟ್ರಿಯಾ ಎರಡು, ಅಲ್ಲಿಗೆ ಮೂರು. ಪಾದ್ರಿ ನಾಲ್ಕು. ಹಾಲೆಂಡು ಐದು. ಐದೂ ಸರಿಹೋಯಿತು. ಐದೂ ಹೊರಗಿನಿಂದ ಬಂದ ಮನೆ.

ಪೊರಕೆ ಹಿಡಿದು ನಿಂತೇಬಿಟ್ಟ.

ಹಾಗಾದರೆ ನನ್ನದು ಎಲ್ಲಿ?

ಇವರೈವರಲ್ಲಿ ಒಬ್ಬರು ಸುಳ್ಳು ಹೇಳಿರಬೇಕು, ಇಲ್ಲ ನಾನೇ ಬೇಡ ಅಂದಿರಬೇಕು. ಕಡುಬು ಬೇಯಿಸುತ್ತಿದ್ದದ್ದು ನೆನಪಿದೆ, ಹೌದು ಅಂದದ್ದು ನೆನಪಿದೆ, ಎರಡು ಸಲ ಅಂದದ್ದು ನೆನಪಿದೆ. ಐವತ್ತೆಂಟು ಸುಳ್ಳುಗಾರರಲ್ಲಿ ತಾನೂ ಒಬ್ಬ ಅನ್ನುವುದು ಅವನ ತಲೆಯೊಳಗೆ ಇಳಿಯಲೇ ಇಲ್ಲ.

ಇಳಿಸಿದ್ದು ಸೋಲ್ವೇಗ್. ಭಾನುವಾರ ಮಧ್ಯಾಹ್ನ ಟ್ಯಾಂಕುಗಳು ಒಂದು ಸೇತುವೆ ದಾಟಬೇಕಿತ್ತು. ಸೀವರ್ಟನ ಹಳೇ ಹೆಡ್‌ಫೋನು ಹಿಂದಿನ ವಾರ ಕೆಟ್ಟು, ಅವತ್ತೇ ಹೊಸದು ಹಾಕಿದ್ದ.

"ಸೀವರ್ಟ್, ಎಡಗಡೆ ಕಾಯ್ತೀಯಾ?" ಅಂತ ಸೋಲ್ವೇಗ್ ಕೇಳಿದಳು.

"ಶೂಪ್," ಅಂದ.

"ಸೀವರ್ಟ್! ಎಡಗಡೆ!"

"ಶೂಪ್!"

"ಲೇ ಉತ್ತರದ ಕರಡಿ, ನಿದ್ದೆ ಹೋದ್ಯೇನೋ? ಹೌದೋ ಅಲ್ವೋ ಬಾಯ್ಬಿಟ್ಟು ಹೇಳು!"

ಅಷ್ಟರಲ್ಲಿ ಎಡಗಡೆಯಿಂದ ಗುಂಡು ಬಿತ್ತು, ಸೋಲ್ವೇಗಳ ಟ್ಯಾಂಕು ಹೊತ್ತಿ ಉರಿಯಿತು. ಅವಳು ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಕಲಿತ ಬೈಗುಳವನ್ನೆಲ್ಲ ಖರ್ಚು ಮಾಡಿದಳು.

"ಹೇಳಿದ್ನಲ್ಲ ಮಾರಾಯ್ತಿ, ಎರಡು ಸಲ!"

"ಏನೂ ಹೇಳ್ಲಿಲ್ಲ ನೀನು. ಸತ್ತ ಮೀನಿನ ಹಂಗೆ ಸುಮ್ನಿದ್ದೆ."

"ಶೂಪ್ ಅಂದೆ!"

"ಓ," ಅಂದಳು ಸೋಲ್ವೇಗ್, ದನಿ ಇಳಿಸಿ. "ಹೊಸ ಹೆಡ್‌ಫೋನಾ?"

"ಶೂ... ಹೌದು."

"ಹಂಗನ್ನು. ಅದರಲ್ಲಿ ಗದ್ದಲ ತೆಗೆಯೋ ಪ್ರೋಗ್ರಾಂ ಇರುತ್ತೆ ಕಣೋ. ಫ್ಯಾನಿನ ಸದ್ದು, ಉಸಿರಿನ ಸದ್ದು ಎಲ್ಲ ಕಸ ಅಂತ ಬಿಸಾಕುತ್ತೆ. ನೀವು ಹೌದು ಅನ್ನೋದೇ ಉಸಿರಲ್ಲಿ. ನಿನ್ನ ಹೌದು ಕಸದ ಬುಟ್ಟೀಗೆ ಹೋಯ್ತು. ಹಳೇದ್ರಲ್ಲಿ ಕೇಳಿಸ್ತಿತ್ತು, ದನ ನೀರು ಕುಡಿದ ಹಂಗೆ."

ಸೀವರ್ಟ್ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಅದರೊಳಗಿಂದ ಸೋಲ್ವೇಗಳ ದನಿ ಸಣ್ಣಗೆ ಕೇಳುತ್ತಲೇ ಇತ್ತು, ಸೀವರ್ಟ್, ಎಲ್ಲೋದ್ಯೋ, ಸೇತುವೆ ಹೋಯ್ತೋ ಅಂತ. ಅವನು ಪುರಸಭೆಯ ನಂಬರು ಒತ್ತಿದ. ಭಾನುವಾರವೂ ಎತ್ತುವವಳು ಅವಳೊಬ್ಬಳೇ.

"ನಮಸ್ಕಾರ! ನಾನು ಸ್ವಾಲಾ. ಬಸ್ಸಿನ ವಿಷಯ ಮಾತಾಡಬೇಕೇ?"

"ಶೂಪ್."

"ಕ್ಷಮಿಸು, ನೀನು ಇದ್ದೀಯಾ?"

"ಶೂಪ್. ಶೂಪ್. ಶೂಪ್!"

"ನೀನು ಉತ್ತರ ಕೊಡದ ಕಾರಣ ಇಲ್ಲ ಎಂದು ದಾಖಲಿಸುತ್ತೇನೆ. ಶುಭದಿನ!"

ಮೌನ ಸಮ್ಮತಿಯ ಲಕ್ಷಣ ಅಂತ ಲೋಕದಲ್ಲೆಲ್ಲ ಹೇಳುತ್ತಾರೆ. ಕೋರ್ಟಿನಲ್ಲೂ ನಡೆಯುತ್ತದೆ, ಮದುವೆ ಮಾತುಕತೆಯಲ್ಲೂ ನಡೆಯುತ್ತದೆ. ಮೌನ ಅಂದರೆ ಬೇಡ ಅಂತ ಬರೆದುಕೊಳ್ಳುವ ಬುದ್ಧಿ ಈ ಯಂತ್ರಕ್ಕೆ ಯಾರು ಕಲಿಸಿದರು? ಕಲಿಸಿದವನಿಗೆ ಸಂಬಳ ಕೊಟ್ಟವರು ಯಾರು? ನಾವೇ. ಐವತ್ತೆಂಟು ಮನೆಯವರು ಫೋನು ಹಿಡಿದು ನಿಂತು ಹೌದು ಹೌದು ಅಂದಿದ್ದಾರೆ, ಅವಳು ಅವರ ಉಸಿರನ್ನೆಲ್ಲ ಗುಡಿಸಿ ಹೊರಗೆ ಹಾಕಿದ್ದಾಳೆ.

ಸೀವರ್ಟನ ಕಿವಿ, ಕತ್ತು, ಹಣೆ ಎಲ್ಲ ಒಟ್ಟಿಗೆ ಕೆಂಪಾಯಿತು. ಆದರೆ ಅವನು ಮೊದಲು ಹೋದದ್ದು ಪುರಸಭೆಗಲ್ಲ. ಕೋಟು ಹಾಕಿಕೊಂಡು ಹೆಲ್ಮರನ ಮನೆಗೆ ನಡೆದ. ಬಾಗಿಲು ತಟ್ಟಿದ. ಅಡುಗೆಮನೆಯ ಕಿಟಕಿ ಒಂದು ಗೇಣು ತೆರೆಯಿತು.

"ಏನು?" ಅಂದ ಹೆಲ್ಮರ್ ಒಳಗಿಂದಲೇ.

"ತಪ್ಪಾಯ್ತು. ನೀನು ಹೌದು ಅಂದಿದ್ದೆ. ಆ ಯಂತ್ರದೊಳಗಿನ ಪ್ರೋಗ್ರಾಂಗೆ ನಮ್ಮ ಹೌದು ಕೇಳಿಸಲ್ಲ."

"ಅದು ಯಂತ್ರದ ವಿಷಯ. ನಾನು ಹೌದು ಅಂದೆ ಅಂತ ನಿನ್ನ ಎದುರು ನಿಂತು ಹೇಳಿದ್ನಲ್ಲ, ಆಗ ನಿನಗೇನಾಗಿತ್ತು? ನಿನ್ನ ಕಿವೀಲೂ ಪ್ರೋಗ್ರಾಂ ಇತ್ತಾ?"

ಸೀವರ್ಟ್ ಕಿಟಕಿಯ ಹತ್ತಿರಕ್ಕೆ ಬಂದ.

"ಮೂವತ್ತು ವರ್ಷ ತುಂಬಿದ ಬಂದೂಕು ಹಿಡ್ಕೊಂಡು ನಿನಗೆ ಬೆನ್ನು ಕೊಟ್ಟು ಕೂತಿದ್ದೀನಿ," ಅಂದ ಹೆಲ್ಮರ್. "ನೀನು ನಂಬಿದ್ದು ಒಂದು ರೊಟ್ಟಿ ಚಿತ್ರಾನ. ಹೋಗು, ಒಲೆ ಬಿಸಿ ಹೊರಗೆ ಹೋಗ್ತಿದೆ."

ಕಿಟಕಿ ಮುಚ್ಚಿತು.

ಡಿಸೆಂಬರ್ ಮೊದಲ ಸೋಮವಾರ ಪುರಸಭೆಯ ಸಭೆ. ಮೊದಲ ಅರ್ಧ ಗಂಟೆ ಜನ ಪ್ರಶ್ನೆ ಕೇಳಬಹುದು, ಆದರೆ ಪ್ರಶ್ನೆಯನ್ನು ವಾರಕ್ಕೆ ಮೊದಲೇ ಬರೆದು ಕಳಿಸಬೇಕು. ಸೀವರ್ಟ್ ಬರೆದು ಕಳಿಸಿದ್ದ. ತನ್ನ ಓಟ ಇನ್ನೊಬ್ಬನಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ನಾಲ್ಕು ಪುಟ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತ. ಎದುರಿಗೆ ಅಧ್ಯಕ್ಷೆ ಉಲ್ರಿಕಾ, ಪಕ್ಕದ ಹಳ್ಳಿಯ ಹಾಲಿನ ಡೈರಿಯವಳು. ಸುತ್ತ ಮೂವತ್ತೊಂದು ಸದಸ್ಯರು. ಒಂದು ಪಕ್ಕದಲ್ಲಿ ಮೆಲ್ಕರ್, ರಾಜಧಾನಿಯಿಂದ ಬಂದ ಡಿಜಿಟಲ್ ವಿಭಾಗದ ಮುಖ್ಯಸ್ಥ, ಡಿಸೆಂಬರಿನಲ್ಲೂ ಕಾಲುಚೀಲ ಇಲ್ಲದೆ ತೆಳ್ಳನೆ ಬೂಟು. ಗೋಡೆಯ ಮೇಲೆ ದೊಡ್ಡ ಪರದೆ. ಕಿವಿ ಕೇಳದವರಿಗಾಗಿ ಸಭೆಯಲ್ಲಿ ಆಡಿದ ಮಾತೆಲ್ಲ ಅಲ್ಲಿ ತಾನಾಗಿ ಅಕ್ಷರವಾಗಿ ಮೂಡುತ್ತಿತ್ತು. ಸ್ವಾಲಾ ಅಂದರೆ ನಮ್ಮಲ್ಲಿ ಅಂಬರಗುಬ್ಬಿ, ಪರದೆಯ ಮೂಲೆಯಲ್ಲಿ ಅದೇ ಸಣ್ಣ ಹಕ್ಕಿಯ ಗುರುತು. ಅಲ್ಲೂ ಸ್ವಾಲಾ.

ಉಲ್ರಿಕಾ ಸಭೆ ಶುರು ಮಾಡಿದಳು. "ಇವತ್ತಿನ ವಿಷಯಗಳ ಪಟ್ಟಿಗೆ ಸಭೆಯ ಒಪ್ಪಿಗೆ ಇದೆಯಾ?"

ಮೂವತ್ತೊಂದು ಜನ ಗಾಳಿ ಎಳೆದರು. ಶೂಪ್.

"ಇದೆ ಅಂತ ಕಾಣುತ್ತೆ," ಅಂತ ಉಲ್ರಿಕಾ ಸುತ್ತಿಗೆ ಕುಟ್ಟಿದಳು.

ಸೀವರ್ಟ್ ಪರದೆ ನೋಡಿದ. ಅಧ್ಯಕ್ಷೆಯ ಪ್ರಶ್ನೆ ಮೂಡಿತ್ತು. ಅದರ ಕೆಳಗೆ ಮೂಡಿದ್ದು ಒಂದೇ ಮಾತು: ಮೌನ. ಅದರ ಕೆಳಗೆ, ಇದೆ ಅಂತ ಕಾಣುತ್ತೆ.

ಅವನ ಸರದಿ ಬರಲು ಇನ್ನೂ ಎರಡು ಪ್ರಶ್ನೆ ಬಾಕಿ ಇದ್ದವು. ಅವನು ಎದ್ದೇಬಿಟ್ಟ. ನಾಲ್ಕು ಪುಟ ಬೆಂಚಿನ ಕೆಳಗೆ ಬಿದ್ದವು.

"ಉಲ್ರಿಕಾ! ಈಗ ಎಷ್ಟು ಜನ ಹೌದು ಅಂದ್ರು?"

"ಸೀವರ್ಟ್, ನಿನ್ನ ಸರದಿ ಆಮೇಲೆ."

"ಎಷ್ಟು ಜನ ಅಂತ ಕೇಳಿದೆ."

"ಎಲ್ಲರೂ ಅಂದ್ರು. ನೀನೂ ಕೇಳಿಸ್ಕೊಂಡ್ಯಲ್ಲ."

"ನಾನು ಕೇಳಿಸ್ಕೊಂಡೆ. ಅವಳು ಕೇಳಿಸ್ಕೊಂಡ್ಳಾ ನೋಡು!" ಅಂತ ಪರದೆಯ ಕಡೆ ಕೈ ಚಾಚಿದ.

ಮೂವತ್ತೊಂದು ತಲೆಗಳು ತಿರುಗಿದವು. ಯಾರೋ ಕಿಸಕ್ಕನೆ ನಕ್ಕರು. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಸೀವರ್ಟನ ಮುಂದಿನ ಮಾತೂ ಅಕ್ಷರ ಅಕ್ಷರವಾಗಿ ಅದೇ ಪರದೆಯ ಮೇಲೆ ಮೂಡತೊಡಗಿತ್ತು.

"ಅಕ್ಟೋಬರಲ್ಲಿ ಇದೇ ಹೆಂಗಸು ನಮ್ಮೂರಿಗೆ ಫೋನ್ ಮಾಡಿದ್ಳು. ನಾವೂ ಹಿಂಗೇ ಹೌದು ಅಂದ್ವಿ. ಐವತ್ತೆಂಟು ಮನೆ. ಐವತ್ತೆಂಟೂ ಬೇಡ ಅಂತ ಬರ್ಕೊಂಡ್ಳು. ಬಾಯಿ ತೆರೆದು ಹೌದು ಅಂದ ಐದು ಮನೆ ಹೊರಗಿಂದ ಬಂದೋರು. ಈ ಹಾಳು ಯಂತ್ರಾನ ಕೊಂಡುಕೊಳ್ಳೋಕೆ ನೀವು ಹೌದು ಅಂದಿದ್ದೂ ಶೂಪ್ ಅಂತಾನೇ ಅಲ್ವಾ? ಅವಳ ಲೆಕ್ಕದಲ್ಲಿ ನೀವು ಅವಳನ್ನ ಕೊಂಡುಕೊಂಡೇ ಇಲ್ಲ!"

ಮೆಲ್ಕರ್ ಗಂಟಲು ಸರಿ ಮಾಡಿಕೊಂಡ. "ಒಂದು ಸ್ಪಷ್ಟನೆ ಕೊಡ್ತೀನಿ. ಇದು ಬರೀ ಪರದೆಯ ಅಕ್ಷರದಲ್ಲಿ ಆಗಿರೋ ಸಣ್ಣ ದೋಷ. ಪರದೆ ಮೇಲಿರೋದು ನಿರ್ಣಯ ಅಲ್ಲ. ಅಧ್ಯಕ್ಷರ ಕಿವಿಗೆ ಕೇಳಿಸಿದ್ದು ನಿರ್ಣಯ."

"ನಿಮಗಾದ್ರೆ ಉಲ್ರಿಕಾಳ ಕಿವಿ, ನಮಗಾದ್ರೆ ಸ್ವಾಲಾಳ ಕಿವೀನಾ?" ಸೀವರ್ಟ್ ಗುಡುಗಿದ. "ನಮಗೆ ಮನುಷ್ಯರ ಕಿವಿ ಯಾಕಿಲ್ಲ? ದುಬಾರೀನಾ?"

"ಜನ ಸ್ಪಷ್ಟವಾಗಿ ಮಾತಾಡಿದ್ರೆ—"

ಮೆಲ್ಕರ್ ಆ ಮಾತು ಆಡಬಾರದಿತ್ತು. ಮೂವತ್ತೊಂದು ಸದಸ್ಯರೂ ಇಲ್ಲೇ ಹುಟ್ಟಿದವರು. ಆಡಳಿತದವರು, ವಿರೋಧದವರು, ಹತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದವರು, ಎಲ್ಲರೂ ಒಂದೇ ಸಲ ಅವನ ಬರಿಗಾಲಿನ ಬೂಟಿನ ಕಡೆ ನೋಡಿದರು.

"ಸ್ಪಷ್ಟವಾಗೇ ಮಾತಾಡ್ತೀವಿ ಮರಿ," ಅಂದ ಮುಂದಿನ ಸಾಲಿನ ಒಬ್ಬ ಮುದಿ ಸದಸ್ಯ. "ನಮ್ಮಜ್ಜಿ ಹಂಗೇ ಹೌದು ಅಂದು ಒಂಬತ್ತು ಮಕ್ಕಳು ಹೆತ್ಳು. ನಮ್ಮಜ್ಜಂಗೆ ಒಂದು ಸಲಾನೂ ತಪ್ಪು ಕೇಳಿಸ್ಲಿಲ್ಲ."

ಬಸ್ಸಿನ ನಿರ್ಧಾರ ವಾಪಸು ಪಡೆದು ಕಾಗದದ ಮೇಲೆ ಹೊಸದಾಗಿ ಕೇಳಬೇಕು ಅಂತ ಆ ಮುದಿ ಸದಸ್ಯನೇ ಸೂಚನೆ ಮಂಡಿಸಿದ. ಒಪ್ಪಿಗೆ ಇದೆಯಾ ಅಂತ ಉಲ್ರಿಕಾ ಕೇಳಿದಳು. ಒಂದು ಕ್ಷಣ ಎಲ್ಲರೂ ತಬ್ಬಿಬ್ಬಾದರು. ಆಮೇಲೆ ಪರದೆಯನ್ನೇ ದುರುಗುಟ್ಟಿ ನೋಡುತ್ತಾ, ಶಾಲೆಯ ಮಕ್ಕಳಂತೆ ಗಂಟಲು ಹರಿಯುವ ಹಾಗೆ ಕೂಗಿದರು: "ಹೌದು!" ಕೂಗಿದ ಮೇಲೆ ಎಲ್ಲರಿಗೂ ನಾಚಿಕೆಯಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಸೀವರ್ಟನಿಗೆ ಅದರಿಂದ ಸಮಾಧಾನ ಆಯಿತು ಅಂದುಕೊಳ್ಳಬೇಡಿ. ಆಗಲಿಲ್ಲ. ಹೊರಗೆ ಬರುವಾಗ ಮೆಲ್ಕರ್ ಅವನ ಹಿಂದೆ ಬಂದು ಕೈ ಚಾಚಿ, ಇದರಿಂದ ನಾವು ಕಲಿತುಕೊಳ್ಳುತ್ತೇವೆ, ಮುಂದಿನ ಆವೃತ್ತಿಯಲ್ಲಿ ಸರಿಮಾಡುತ್ತೇವೆ ಅಂದ. ಸೀವರ್ಟ್ ಆ ಕೈಯನ್ನು ನೋಡಿದ. "ಮುಂದಿನ ಆವೃತ್ತೀಲಿ ಹೆಲ್ಮರನ್ನ ವಾಪಸ್ ಕೊಡ್ತೀಯಾ?" ಅಂದ. ಮೆಲ್ಕರನಿಗೆ ಹೆಲ್ಮರ್ ಯಾರು ಅಂತ ಗೊತ್ತಿರಲಿಲ್ಲ. ಅವನೂ ಯಾವುದೋ ಪ್ರೋಗ್ರಾಂ ಇರಬೇಕು ಅಂದುಕೊಂಡನೋ ಏನೋ, ಬರೆದುಕೊಂಡ.

ಕಾಗದ ಮನೆ ಮನೆಗೆ ಬಂತು. ಹೌದು ಒಂದು ಚೌಕ, ಇಲ್ಲ ಒಂದು ಚೌಕ, ಪೆನ್ಸಿಲಿನಲ್ಲಿ ಒಂದು ಗೀಟು. ಪಾದ್ರಿ ಮತ್ತು ಉಲ್ರಿಕಾ ಇಬ್ಬರೂ ಕೂತು ಎಣಿಸಿದರು. ಅರವತ್ತಮೂರರಲ್ಲಿ ಅರವತ್ತೆರಡು ಹೌದು. ಒಂದು ಇಲ್ಲ. ಬಸ್ಸು ಉಳಿಯಿತು. ಸೀವರ್ಟ್ ಗಾಜಿನ ಚೀಟಿ ಕಿತ್ತು, ಅದೇ ಜಾಗದಲ್ಲಿ "ನನ್ನದು ತಪ್ಪಾಯಿತು. ಸೀವರ್ಟ್" ಅಂತ ಇನ್ನೊಂದು ಅಂಟಿಸಿದ. ಅಕ್ಷರ ಮೊದಲಿನದಕ್ಕಿಂತ ಸಣ್ಣದಾಗಿತ್ತು, ಅದನ್ನೂ ಜನ ಗಮನಿಸಿದರು.

ಜನವರಿಯ ಎರಡನೇ ಮಂಗಳವಾರ ಬೆಳಗ್ಗೆ, ಮೈನಸ್ ಇಪ್ಪತ್ತಾರು, ಹೆಲ್ಮರ್ ತನ್ನ ಸ್ಟಾಪಿನಲ್ಲಿ ಕೋಲು ಊರಿ ನಿಂತಿದ್ದ. ಎರಡು ತಿಂಗಳಿಂದ ಯಾರ್ಯಾರದೋ ಕಾರಿನಲ್ಲಿ ಹೋಗುತ್ತಿದ್ದವನು. ಸೀವರ್ಟ್ ಬಾಗಿಲು ತೆರೆದ. ಹೆಲ್ಮರ್ ಒಂದೊಂದೇ ಮೆಟ್ಟಿಲು ಹತ್ತಿ, ಕಾರ್ಡು ಯಂತ್ರಕ್ಕೆ ಹಿಡಿದ. ಅದು ಕೀಂ ಅಂದಿತು.

"ಆ ಒಂದು ಇಲ್ಲ ಇದ್ಯಲ್ಲ," ಅಂದ ಹೆಲ್ಮರ್, ಬಸ್ಸಿಗೆಲ್ಲ ಕೇಳುವ ಹಾಗೆ. "ಅದು ನಂದು."

ಸೀವರ್ಟನ ಕಿವಿ ಕೆಂಪಾಯಿತು. "ನಿಂದಾ?"

"ನಂದೇ. ಹೌದು ಅಂದಾಗ ಸುಳ್ಳ ಅನ್ನಿಸ್ಕೊಂಡೆ. ಈ ಸಲ ಇಲ್ಲ ಅಂತ ಬರೆದೆ. ಅದನ್ನಾದ್ರೂ ನಂಬ್ತೀಯೇನೋ ಅಂತ."

"ಮತ್ತೆ ಬಸ್ಸು ಯಾಕೆ ಹತ್ತಿದೆ, ಸೈತಾನ?"

"ನನ್ನ ಸೊಂಟ ಹೌದು ಅಂತು. ಬಾಗಿಲು ಮುಚ್ಚು, ಚಳಿ."

ಮುಂದಿನ ಸೀಟು ಖಾಲಿ ಇತ್ತು. ಎರಡು ತಿಂಗಳಿಂದ ಅಲ್ಲಿ ಯಾರನ್ನೂ ಕೂರಲು ಸೀವರ್ಟ್ ಬಿಟ್ಟಿರಲಿಲ್ಲ. ಹೆಲ್ಮರ್ ಅದನ್ನು ದಾಟಿ, ಕಂಬಗಳನ್ನು ಹಿಡಿಯುತ್ತಾ ಹಿಡಿಯುತ್ತಾ ಕಟ್ಟಕಡೆಯ ಸಾಲಿಗೆ ಹೋಗಿ ಕೂತು ಕಿಟಕಿಯ ಕಡೆ ಮುಖ ತಿರುಗಿಸಿದ. ಆ ಬಸ್ಸಿನಲ್ಲಿ ಕೊನೆಯ ಸಾಲು ಐಸಿನ ಪೆಟ್ಟಿಗೆ. ಬಿಸಿಗಾಳಿ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಸೀವರ್ಟ್ ಹಲ್ಲು ಕಡಿಯುತ್ತಾ ಗಾಡಿ ಬಿಟ್ಟ. ಯಾರಿಗೆ ಬೈಯಬೇಕು ಅಂತ ಹುಡುಕಿದ. ಮೆಲ್ಕರನಿಗೆ ಬೈದ, ಸ್ವಾಲಾಗೆ ಬೈದ, ಅವಳನ್ನು ಮಾರಿದವರಿಗೆ ಬೈದ, ಕೊಂಡವರಿಗೆ ಬೈದ. ಬೈಗುಳ ಮುಗಿದ ಮೇಲೂ ಸಿಟ್ಟು ಉಳಿದಿತ್ತು. ಅದು ಯಾರ ಪಾಲಿನದು ಅಂತ ಅವನಿಗೆ ಗೊತ್ತಿತ್ತು. ಕೈ ಚಾಚಿ ಬಿಸಿಗಾಳಿಯ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದ. ಐದು ನಿಮಿಷದಲ್ಲಿ ಮುಂದಿನ ಸಾಲಿನವರು ಟೋಪಿ ತೆಗೆದರು, ಹತ್ತು ನಿಮಿಷದಲ್ಲಿ ಕೋಟು ಬಿಚ್ಚಿದರು.

"ಸೀವರ್ಟ್, ಬೆಂದು ಹೋಗ್ತಿದ್ದೀವಿ ಕಣೋ, ಸ್ವಲ್ಪ ಕಡಿಮೆ ಮಾಡು," ಅಂದಳು ಔಷಧಿ ತರಲು ಹೊರಟಿದ್ದ ಒಬ್ಬ ಮುದುಕಿ.

"ಬಾಯ್ಮುಚ್ಕೊಂಡು ಬೇಯಿ," ಅಂದ ಸೀವರ್ಟ್, ಕನ್ನಡಿಯಲ್ಲಿ ಕೊನೆಯ ಸಾಲನ್ನು ನೋಡುತ್ತಾ. ಹೆಲ್ಮರ್ ಇನ್ನೂ ಕೈಗವಸು ಹಾಕಿಕೊಂಡೇ ಕೂತಿದ್ದ.